ಆಳದಲ್ಲಿ ಎರಡನೆಯ ಉಸಿರು: ಸ್ಕೂಬಾ ಡೈವಿಂಗ್‌ನ ಮೀಸಲು ಸಾಧನಗಳ ಆಯ್ಕೆ

ನೀರಿನಡಿಯಲ್ಲಿ ಇರುವಷ್ಟು ಹೊತ್ತೂ ಸ್ಕೂಬಾ ಡೈವರ್‌ಗಳ ಉಸಿರು ಎರಡನ್ನು ನೆಚ್ಚಿಕೊಂಡಿರುತ್ತದೆ: ಒಂದು, ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರ್‌ನಲ್ಲಿ ಉಳಿದಿರುವ ಗಾಳಿ, ಇನ್ನೊಂದು, ಆ ಗಾಳಿಯ ಭಾರೀ ಒತ್ತಡವನ್ನು ತಗ್ಗಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗಲೆಲ್ಲ ಬಾಯಿಗೆ ಒದಗಿಸುವ ರೆಗ್ಯುಲೇಟರ್ ಎಂಬ ಕವಾಟಗಳ ಜೋಡಣೆ. ಇವೆರಡರಲ್ಲಿ ಯಾವುದು ಕೈಕೊಟ್ಟರೂ ಮುಳುಗಿದವರ ಬಳಿ ಉಳಿಯುವುದು ಶ್ವಾಸಕೋಶದಲ್ಲಿ ಆ ಕ್ಷಣಕ್ಕೆ ಇದ್ದ ಗಾಳಿ ಮಾತ್ರ. ಹೀಗಾಗಿ ಡೈವಿಂಗ್ ಸಲಕರಣೆಗಳಲ್ಲಿ ಮೀಸಲು ಉಸಿರಾಟದ ಸಾಧನಕ್ಕೆ ಖಚಿತವಾದ ಸ್ಥಾನವಿದೆ. ಆದರೆ ಅಂಗಡಿಗಳಲ್ಲಿ ಈ ಒಂದೇ ಹೆಸರಿನಡಿ ಮಾರಾಟವಾಗುವ ವಸ್ತುಗಳು ಒಂದೇ ಅಪಾಯಕ್ಕೆ ಉತ್ತರವಲ್ಲ. ಕೆಲವು ಇರುವ ಗಾಳಿಗೇ ಮತ್ತೊಂದು ಬಾಯನ್ನು ಜೋಡಿಸುತ್ತವೆ, ಕೆಲವು ಪ್ರತ್ಯೇಕವಾದ ಗಾಳಿಯನ್ನೇ ಒದಗಿಸುತ್ತವೆ. ಆಯ್ಕೆಯ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು ಈ ಭೇದ. ಬೆಲೆ, ಗಾತ್ರ, ತಯಾರಕರ ಹೆಸರು ಇವೆಲ್ಲ ಅದರ ನಂತರದವು.

ಅಪಾಯ ಎಲ್ಲಿಂದ ಹುಟ್ಟುತ್ತದೆ ಎಂಬುದರ ಬಗ್ಗೆ ಊಹೆಗಿಂತ ಮಿಗಿಲಾದ ತಿಳಿವಳಿಕೆ ಈಗ ಲಭ್ಯವಿದೆ. ಡೈವಿಂಗ್ ಸುರಕ್ಷತೆಗಾಗಿ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಂಶೋಧಕರು 1992ರಿಂದ 2003ರವರೆಗಿನ 947 ಸಾವುಗಳ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಘಡದ ಮೊದಲ ಪ್ರಚೋದಕ ಕಾರಣವನ್ನು ಗುರುತಿಸಲು ಸಾಧ್ಯವಾದ ಪ್ರಕರಣಗಳ ಪೈಕಿ ಶೇ 41ರಲ್ಲಿ ಗಾಳಿಯ ಕೊರತೆಯೇ ಕಾರಣವಾಗಿತ್ತು. ಬಲೆ, ಹಗ್ಗ ಮುಂತಾದವುಗಳಲ್ಲಿ ಸಿಕ್ಕಿಕೊಂಡದ್ದು ಶೇ 20, ಸಲಕರಣೆಗಳ ತೊಂದರೆ ಶೇ 15. ಯಂತ್ರ ಕೆಡುವುದಕ್ಕಿಂತ ಗಾಳಿ ಮುಗಿಯುವುದೇ ಹೆಚ್ಚು ಎಂಬ ಈ ಸಂಗತಿ ಮೀಸಲು ಸಾಧನದ ಚರ್ಚೆಯ ದಿಕ್ಕನ್ನೇ ಬದಲಿಸುತ್ತದೆ. ಸಾಧನವನ್ನು ಆರಿಸುವವರು ಅದು ಎಷ್ಟು ನಯವಾಗಿ ಉಸಿರು ಕೊಡುತ್ತದೆ ಎಂದು ಕೇಳುವ ಮೊದಲು, ಗಾಳಿ ಮುಗಿದ ಗಳಿಗೆಯಲ್ಲಿ ಅದರೊಳಗೆ ಕೊಡಲು ಏನಾದರೂ ಉಳಿದಿರುತ್ತದೆಯೇ ಎಂದು ಕೇಳಬೇಕಾಗುತ್ತದೆ.

ರೆಗ್ಯುಲೇಟರ್‌ನ ರಚನೆ ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಹೆಚ್ಚುಕಡಿಮೆ 1 ಬಾರ್. ಲೋಕದೆಲ್ಲೆಡೆ ಬಳಕೆಯಲ್ಲಿರುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ಅದರ 200 ಪಟ್ಟಿಗೂ ಹೆಚ್ಚು, ಅಂದರೆ 207 ಬಾರ್ ಒತ್ತಡದಲ್ಲಿ ಗಾಳಿ ತುಂಬಿರುತ್ತದೆ. ಸಿಲಿಂಡರ್‌ನ ಕೊರಳಿಗೆ ಕೂರುವ ಮೊದಲ ಹಂತದ ಕವಾಟ ಈ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತದ ಕವಾಟ ಅದನ್ನು ಉಸಿರಾಡಲು ತಕ್ಕಷ್ಟಕ್ಕೆ ತರುತ್ತದೆ. ಇಂದಿನ ಬಹುಪಾಲು ಎರಡನೆಯ ಹಂತಗಳು ಕೆಟ್ಟಾಗ ಮುಚ್ಚಿಕೊಳ್ಳದೆ ತೆರೆದುಕೊಳ್ಳುವಂತೆ ರೂಪಿತವಾಗಿರುವುದರಿಂದ, ಸಾಮಾನ್ಯವಾಗಿ ಆಗುವ ಯಾಂತ್ರಿಕ ತೊಂದರೆಯೆಂದರೆ ಗಾಳಿ ತಡೆಯಿಲ್ಲದೆ ಹರಿದುಹೋಗುವುದು. ಆಗ ಉಸಿರು ತಟ್ಟನೆ ನಿಲ್ಲುವುದಿಲ್ಲ, ಆದರೆ ಆಳದಲ್ಲಿ ಇಡೀ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಒಡೆದ ಕೊಳವೆಗಳ ವಿಚಾರದಲ್ಲಿ ವಾಸ್ತವ ಊಹೆಗೆ ವಿರುದ್ಧವಾಗಿದೆ. ಒತ್ತಡಮಾಪಕಕ್ಕೆ ಹೋಗುವ ಹೆಚ್ಚಿನ ಒತ್ತಡದ ಕೊಳವೆಯ ಬುಡದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವುದರಿಂದ ಅದು ಒಡೆದರೂ ಗಾಳಿ ನಿಧಾನವಾಗಿ ಸೋರುತ್ತದೆ. ಬಾಯಿಗೆ ಬರುವ ಕಡಿಮೆ ಒತ್ತಡದ ಕೊಳವೆ ಒಡೆದರೆ ಮಾತ್ರ ಸಿಲಿಂಡರ್ ಬಹುಬೇಗ ಖಾಲಿಯಾಗುತ್ತದೆ.

ಮೀಸಲು ಸಾಧನಗಳ ಚರಿತ್ರೆ ಈ ಕ್ರೀಡೆಯಷ್ಟೇ ಹಳೆಯದು. ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಫ್ರಾನ್ಸಿನಲ್ಲಿ 1943ರಲ್ಲಿ ಅಕ್ವಾಲಂಗ್ ಉಪಕರಣವನ್ನು ರೂಪಿಸಿದ ನಂತರದ ದಶಕಗಳಲ್ಲಿ ಬಹುತೇಕ ಡೈವರ್‌ಗಳ ಬಳಿ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮಾಪಕವೇ ಇರುತ್ತಿರಲಿಲ್ಲ. ಅದರ ಬದಲಿಗೆ ಸಿಲಿಂಡರ್‌ನ ಕೊರಳಲ್ಲಿ ಸ್ಪ್ರಿಂಗ್ ಅಳವಡಿಸಿದ, ಜೆ-ಕವಾಟವೆಂದು ಕರೆಯಲಾಗುತ್ತಿದ್ದ ಸಾಧನವಿತ್ತು. ಒತ್ತಡ ನಿಗದಿತ ಮಟ್ಟಕ್ಕಿಂತ ಇಳಿದಾಗ ಉಸಿರೆಳೆಯುವುದು ಕಷ್ಟವಾಗುತ್ತಿತ್ತು, ಆಗ ಒಂದು ಸರಳನ್ನು ಕೆಳಗೆ ಜಗ್ಗಿದರೆ ಕೊನೆಯ ಪಾಲಿನ ಗಾಳಿ ಬಿಡುಗಡೆಯಾಗುತ್ತಿತ್ತು. ಆ ಸರಳು ಬಂಡೆಗೋ ಹಗ್ಗಕ್ಕೋ ತಗುಲಿ ಮೊದಲೇ ಕೆಳಗಿಳಿದಿದ್ದರೆ, ಮೀಸಲಿನ ಗಾಳಿ ಅರಿವಿಲ್ಲದೆಯೇ ಖರ್ಚಾಗಿ ಹೋಗಿರುತ್ತಿತ್ತು. ಗಾಳಿ ಮುಗಿದ ಸಂಗಾತಿಗೆ ನೆರವಾಗಲು ಆಗ ಇದ್ದ ಮಾರ್ಗವೆಂದರೆ ಒಂದೇ ಬಾಯಿತುಂಡನ್ನು ಇಬ್ಬರೂ ಸರದಿಯಂತೆ ಕಚ್ಚಿ ಉಸಿರಾಡುವುದು; ಈಜುಕೊಳದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಈ ಪದ್ಧತಿ ಭಯಗೊಂಡ ಇಬ್ಬರ ನಡುವೆ ಮುರಿದುಬಿದ್ದು ಇಬ್ಬರ ಜೀವಕ್ಕೂ ಎರವಾಗಬಲ್ಲದ್ದಾದ್ದರಿಂದ ಇಂದಿನ ಆರಂಭಿಕ ತರಬೇತಿಗಳಲ್ಲಿ ಬಹುತೇಕ ಕೈಬಿಡಲಾಗಿದೆ. 1960ರ ದಶಕದ ಮಧ್ಯಭಾಗದಲ್ಲಿ ಬಹಾಮಾಸ್ ದ್ವೀಪಗಳಲ್ಲಿ, ಉಸಿರು ಬಿಗಿಹಿಡಿದು ಆಳಕ್ಕಿಳಿಯುತ್ತಿದ್ದ ಜಾಕ್ ಮಯೋಲ್ ಅವರ ರಕ್ಷಣೆಗೆ ನಿಂತ ಡೈವರ್‌ಗಳಿಗಾಗಿ ಒಂದೇ ಮೊದಲ ಹಂತಕ್ಕೆ ಎರಡು ಎರಡನೆಯ ಹಂತಗಳನ್ನು ಜೋಡಿಸುವ ಪದ್ಧತಿ ಬಳಕೆಗೆ ಬಂತೆಂದು ಹೇಳಲಾಗುತ್ತದೆ. ಇಂದು ಆಕ್ಟೋಪಸ್ ಎಂಬ ಹೆಸರಿನಲ್ಲಿ ಬಹುತೇಕ ಪ್ರತಿ ಡೈವರ್‌ನ ಬಳಿಯೂ ಕಾಣುವ ಹಳದಿ ಬಾಯಿತುಂಡು ಅದೇ.

ಆಕ್ಟೋಪಸ್ ಅಗ್ಗ, ಹಗುರ, ಕಲಿಯಲು ಸುಲಭ. ಹಳದಿ ಬಣ್ಣದಿಂದ ಬೇಗ ಕಣ್ಣಿಗೆ ಬೀಳುತ್ತದೆ, ಮತ್ತು ಅದರ ಕೊಳವೆ ಮುಖ್ಯ ಕೊಳವೆಗಿಂತ ಉದ್ದವಾಗಿದ್ದು ಸಾಮಾನ್ಯವಾಗಿ 1 ಮೀಟರಿನ ಆಸುಪಾಸಿನಲ್ಲಿರುತ್ತದೆ. ಆದರೆ ಅದು ಸಂಗಾತಿಗಾಗಿ ಇರುವ ಸಾಧನ. ಹೊತ್ತವರಿಗೆ ಅದರಿಂದ ಆಗುವ ಉಪಕಾರ ಬಹಳ ಸಣ್ಣದು. ತನ್ನದೇ ಸಿಲಿಂಡರ್ ಬರಿದಾದಾಗ, ಇಲ್ಲವೇ ಮೊದಲ ಹಂತವೇ ಕೆಟ್ಟಾಗ, ಬತ್ತಿದ ಬಾವಿಗೆ ಎರಡನೆಯ ಕೊಡ ಇಳಿಸಿದರೆ ಎಷ್ಟು ನೀರು ಸಿಗುವುದೋ ತನ್ನ ಆಕ್ಟೋಪಸ್‌ನಿಂದಲೂ ಅಷ್ಟೇ ಗಾಳಿ ಸಿಗುತ್ತದೆ. ಆಕ್ಟೋಪಸ್ಸನ್ನು ನೆಚ್ಚಿದವರ ನಿಜವಾದ ಮೀಸಲು ಇರುವುದು ಪಕ್ಕದಲ್ಲಿ ಈಜುವವರ ಬೆನ್ನಿನ ಮೇಲೆ. ಆ ಸಂಗಾತಿ ಒಂದೆರಡು ಉಸಿರಿನ ಕಾಲದಲ್ಲಿ ತಲುಪಬಲ್ಲಷ್ಟು ಹತ್ತಿರವಿಲ್ಲದಿದ್ದರೆ ಆ ಮೀಸಲು ಇಲ್ಲವೆಂದೇ ಲೆಕ್ಕ. ಮೀನಿನ ಚಿತ್ರ ತೆಗೆಯುತ್ತ ಹಿಂದುಳಿಯುವ ಛಾಯಾಗ್ರಾಹಕರು, ಅಪರಿಚಿತರೊಂದಿಗೆ ಜೋಡಿಯಾಗಿ ಇಳಿಯುವ ಪ್ರವಾಸಿಗರು, ಗುಂಪಿನ ಹಿಂಬದಿಯಲ್ಲಿ ಒಬ್ಬರೇ ಸಾಗುವ ಬೋಧಕರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕಾದವರು.

ಆಕ್ಟೋಪಸ್ಸನ್ನು ಕೊಳ್ಳುವಾಗ ಮುಖ್ಯ ಕವಾಟಕ್ಕೆ ಉತ್ತಮವಾದದ್ದನ್ನೂ ಮೀಸಲಿಗೆ ಅತಿ ಅಗ್ಗದ್ದನ್ನೂ ಆರಿಸುವ ರೂಢಿ ಬಹಳ ಕಡೆ ಇದೆ, ಮತ್ತು ಇದು ತಪ್ಪು ರೂಢಿ. ಆ ಬಾಯಿತುಂಡನ್ನು ಕಚ್ಚುವವರು ಆಗಲೇ ಗಾಳಿಯಿಲ್ಲದೆ ಹೆದರಿದವರು, ಎಂದಿಗಿಂತ ಎರಡು ಮೂರು ಪಟ್ಟು ಜೋರಾಗಿ ಉಸಿರೆಳೆಯುವವರು; ಮೇಲಾಗಿ ಆ ಹೊತ್ತಿಗೆ ಒಂದೇ ಮೊದಲ ಹಂತ ಇಬ್ಬರಿಗೂ ಗಾಳಿ ಒದಗಿಸಬೇಕಾಗಿರುತ್ತದೆ. ಯುರೋಪಿನ ಇಎನ್ 250 ಮಾನದಂಡವನ್ನು 2014ರಲ್ಲಿ ಪರಿಷ್ಕರಿಸಿದಾಗ, ಹೀಗೆ ಇಬ್ಬರು ಒಟ್ಟಿಗೆ ಉಸಿರಾಡಲು ತಕ್ಕುದೆಂದು ಪರೀಕ್ಷೆಯಲ್ಲಿ ಗೆದ್ದ ಉಪಕರಣಗಳಿಗೆ ಇಎನ್ 250ಎ ಎಂಬ ಗುರುತನ್ನು ಗೊತ್ತುಪಡಿಸಲಾಯಿತು. ಕೊಳ್ಳುವವರು ಆ ಗುರುತನ್ನು ಹುಡುಕಿ ನೋಡುವುದು ಒಳ್ಳೆಯದು. ಇನ್ನು ಎಲ್ಲಿ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆಗೆ ತರಬೇತುದಾರರಲ್ಲಿ ಒಮ್ಮತವಿದೆ: ಗಲ್ಲದಿಂದ ಪಕ್ಕೆಲುಬುಗಳ ಕೆಳತುದಿಯವರೆಗಿನ ತ್ರಿಕೋನದೊಳಗೆ, ಜಗ್ಗಿದರೆ ಬಿಟ್ಟುಕೊಳ್ಳುವ ಹಿಡಿಕೆಯಲ್ಲಿ. ಜೇಬಿನಲ್ಲಿ ತುರುಕಿದ ಅಥವಾ ಹಿಂದೆ ಮರಳಿನ ಮೇಲೆ ಎಳೆದಾಡುವ ಆಕ್ಟೋಪಸ್ ಬೇಕಾದಾಗ ಕೈಗೆ ಸಿಗದು, ಸಿಕ್ಕರೂ ಅದರೊಳಗೆ ಮರಳು ತುಂಬಿರಬಹುದು.

ತೇಲುವಿಕೆಯನ್ನು ನಿಯಂತ್ರಿಸಲು ಡೈವರ್‌ಗಳು ತೊಡುವ ಗಾಳಿತುಂಬುವ ಅಂಗಿಯ ಕೊಳವೆಯಲ್ಲೇ ಉಸಿರಾಟದ ಕವಾಟವನ್ನು ಅಡಕಮಾಡಿದ ಸಾಧನಗಳೂ ಇವೆ. ಇವುಗಳಿಂದ ಒಂದು ಕೊಳವೆ ಕಡಿಮೆಯಾಗುತ್ತದೆ, ಸಾಧನ ಯಾವಾಗಲೂ ಎದೆಯ ಮೇಲೆಯೇ ಇರುತ್ತದೆ. ಆದರೆ ಆ ಕೊಳವೆ ಗಿಡ್ಡವಾದ್ದರಿಂದ ಅದನ್ನು ಸಂಗಾತಿಗೆ ಕೊಡಲಾಗದು. ಬಾಯಲ್ಲಿರುವ ಮುಖ್ಯ ಕವಾಟವನ್ನು ಅವರಿಗೆ ಕೊಟ್ಟು ತಾವು ಇದಕ್ಕೆ ಬಾಯಿಡಬೇಕು, ಮತ್ತು ಮೇಲೇರುವಾಗ ಅದೇ ಕೊಳವೆಯಿಂದ ಉಸಿರಾಡುತ್ತಲೇ ಅಂಗಿಯೊಳಗೆ ಹಿಗ್ಗುವ ಗಾಳಿಯನ್ನೂ ಹೊರಬಿಡಬೇಕು. ಅಭ್ಯಾಸವಿಲ್ಲದವರಿಗೆ ಇದು ಸುಲಭವಲ್ಲ.

ಗುಹೆಗಳಲ್ಲಿ ಮುಳುಗುವವರು ಇದೇ ಪ್ರಶ್ನೆಗೆ ಬೇರೆ ಉತ್ತರವನ್ನು ಕಂಡುಕೊಂಡರು. ತಲೆಯ ಮೇಲೆ ಬಂಡೆಯ ಚಾವಣಿಯಿರುವಲ್ಲಿ ನೇರವಾಗಿ ಮೇಲೇರುವ ದಾರಿಯೇ ಇಲ್ಲವಾದ್ದರಿಂದ, ಫ್ಲಾರಿಡಾದ ಗುಹೆಗಳಲ್ಲಿ ನಡೆದ ಸಾವುಗಳನ್ನು ಒಂದೊಂದಾಗಿ ವಿಶ್ಲೇಷಿಸಿದ ಷೆಕ್ ಎಕ್ಸ್ಲೆ ಮತ್ತು ಅವರ ಸಂಗಡಿಗರು ಗಾಳಿಯ ಮೂರನೆಯ ಒಂದು ಪಾಲನ್ನು ಹೋಗಲು, ಒಂದು ಪಾಲನ್ನು ಬರಲು, ಉಳಿದ ಪಾಲನ್ನು ಆಪತ್ತಿಗೆ ಎಂದು ಎತ್ತಿಡುವ ನಿಯಮವನ್ನು ಪ್ರಚಾರಕ್ಕೆ ತಂದರು. ಬಾಯಲ್ಲಿರುವ ಕವಾಟವನ್ನೇ ಸುಮಾರು 2 ಮೀಟರ್ ಉದ್ದದ ಕೊಳವೆಗೆ ಜೋಡಿಸಿ ಅಗತ್ಯ ಬಿದ್ದವರಿಗೆ ಅದನ್ನೇ ಕೊಡುವುದು, ತಮ್ಮ ಮೀಸಲನ್ನು ಕೊರಳಿಗೆ ಹಾರದಂತೆ ತೂಗುಹಾಕಿಕೊಂಡಿರುವುದು ಆ ಪರಂಪರೆಯಿಂದ ಬಂದ ಕ್ರಮ. ಹೆದರಿದವರು ಎದುರಿನವರ ಬಾಯಲ್ಲಿರುವುದಕ್ಕೇ ಕೈಹಾಕುವುದು ಹೆಚ್ಚು; ಕೊಡುವುದೂ ಅದೇ ಆಗಿದ್ದರೆ ಜಗ್ಗಾಟಕ್ಕೆ ಆಸ್ಪದವಿರುವುದಿಲ್ಲ, ಕೊಟ್ಟ ಕವಾಟ ಆ ಕ್ಷಣದವರೆಗೂ ಕೆಲಸ ಮಾಡುತ್ತಿದ್ದದ್ದೆಂಬ ಖಾತ್ರಿಯೂ ಇರುತ್ತದೆ. ಗುಹೆಯ ಹೊರಗಿನ ಸಾಮಾನ್ಯ ಡೈವರ್‌ಗಳಿಗೂ ಇದು ಹೊಂದುವಂಥದ್ದು.

ಪ್ರತ್ಯೇಕ ಗಾಳಿಯ ಮಾತಿಗೆ ಬಂದಾಗ ಲೆಕ್ಕ ಮಾಡದೆ ವಿಧಿಯಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ 1 ಬಾರ್‌ನಂತೆ ಏರುವುದರಿಂದ, 30 ಮೀಟರಿನಲ್ಲಿ ಅದು 4 ಬಾರ್ ಆಗಿರುತ್ತದೆ. ಪ್ರತಿ ಉಸಿರಿಗೂ ಮೇಲ್ಮೈಯಲ್ಲಿ ಬೇಕಾಗುವುದರ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ನಿರಾಳವಾಗಿರುವವರು ಮೇಲ್ಮೈಯಲ್ಲಿ ನಿಮಿಷಕ್ಕೆ 15ರಿಂದ 20 ಲೀಟರ್ ಬಳಸಿದರೆ, ಗಾಬರಿಯಲ್ಲಿ ಅದು 30 ಲೀಟರ್ ಅಥವಾ ಇನ್ನೂ ಹೆಚ್ಚಾಗುತ್ತದೆ. 30 ಲೀಟರ್ ಎಂದೇ ಹಿಡಿಯೋಣ. 30 ಮೀಟರ್ ಆಳದಲ್ಲಿ ತೊಂದರೆಯನ್ನು ಗ್ರಹಿಸಿ ಸಾವರಿಸಿಕೊಳ್ಳಲು 1 ನಿಮಿಷಕ್ಕೆ 120 ಲೀಟರ್. ನಿಮಿಷಕ್ಕೆ 9 ಮೀಟರಿನ ಸುರಕ್ಷಿತ ವೇಗದಲ್ಲಿ ಮೇಲೇರಲು ಹಿಡಿಯುವ ಮೂರೂ ಕಾಲು ನಿಮಿಷಕ್ಕೆ, ಸರಾಸರಿ ಒತ್ತಡ ಎರಡೂವರೆ ಬಾರ್ ಆಗುವುದರಿಂದ, ಸುಮಾರು 250 ಲೀಟರ್. ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು 5 ಮೀಟರಿನಲ್ಲಿ 3 ನಿಮಿಷ ನಿಲ್ಲುವ ರೂಢಿಯ ವಿರಾಮಕ್ಕೆ 135 ಲೀಟರ್. ಒಟ್ಟು ಸುಮಾರು 500 ಲೀಟರ್. ವಿರಾಮವನ್ನು ಬಿಟ್ಟರೂ 370 ಲೀಟರ್ ಬೇಕು.

ಅಂಗೈಯಗಲದ, ಕವಾಟವನ್ನು ನೆತ್ತಿಯಲ್ಲೇ ಹೊತ್ತ ಪುಟ್ಟ ಸಿಲಿಂಡರ್‌ಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಸ್ಪೇರ್ ಏರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಈ ಬಗೆಯ ಸಾಧನದ ದೊಡ್ಡ ಗಾತ್ರದಲ್ಲಿ 3 ಘನ ಅಡಿ, ಅಂದರೆ ಸುಮಾರು 85 ಲೀಟರ್ ಗಾಳಿ ಹಿಡಿಯುತ್ತದೆ, ಚಿಕ್ಕದರಲ್ಲಿ 1.7 ಘನ ಅಡಿ. 30 ಮೀಟರಿನಲ್ಲಿ ಗಾಬರಿಗೊಂಡವರಿಗೆ 85 ಲೀಟರ್ ಒಂದು ನಿಮಿಷಕ್ಕೂ ಸಾಲದು. 10 ಮೀಟರಿನ ಆಸುಪಾಸಿನಲ್ಲಿ, ಕೂಡಲೇ ಮೇಲೇರುವವರಿಗೆ ಅದು ನಿಜಕ್ಕೂ ನೆರವಾಗಬಲ್ಲದು, ಏಕೆಂದರೆ ಅಲ್ಲಿಂದ ಮೇಲ್ಮೈಗೆ ಒಂದು ನಿಮಿಷದ ದಾರಿ. ಆದರೆ ಅಷ್ಟು ಕಡಿಮೆ ಆಳದಲ್ಲಿ ತರಬೇತಿ ಪಡೆದವರು ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಈಜಿಯೇ ಮೇಲೆ ಬರಬಲ್ಲರು. ಸುಲಭವಾಗಿ ಸಾಗಿಸಬಹುದೆಂಬ ಒಂದೇ ಕಾರಣಕ್ಕೆ ಇದನ್ನು ಕೊಂಡು ಆಳಕ್ಕಿಳಿಯುವವರು ಇಲ್ಲದ ಧೈರ್ಯವನ್ನು ಹೊತ್ತುಕೊಂಡು ಇಳಿಯುತ್ತಾರೆ. ಆ ಧೈರ್ಯವೇ ಸಂಗಾತಿಯಿಂದ ದೂರ ಸರಿಯಲು ಪ್ರೇರಣೆಯಾದರೆ ಸಾಧನ ಇಲ್ಲದಿದ್ದುದಕ್ಕಿಂತ ಹೆಚ್ಚಿನ ಅಪಾಯವಾಗುತ್ತದೆ.

ಪೋನಿ ಎಂದು ಕರೆಯಲಾಗುವ, ತನ್ನದೇ ಮೊದಲ ಹಂತ ಮತ್ತು ಎರಡನೆಯ ಹಂತಗಳಿರುವ ಸಣ್ಣ ಸಿಲಿಂಡರ್ ಮಾತ್ರ ಪೂರ್ಣ ಅರ್ಥದಲ್ಲಿ ಸ್ವತಂತ್ರ ಮೀಸಲು. ಮುಖ್ಯ ಸಿಲಿಂಡರ್ ಬರಿದಾಗಲಿ, ಮೊದಲ ಹಂತ ಕೆಡಲಿ, ಕೊಳವೆ ಒಡೆಯಲಿ, ಸಂಗಾತಿ ಕಣ್ಮರೆಯಾಗಲಿ, ಎಲ್ಲಕ್ಕೂ ಅದು ಉತ್ತರವಾಗುತ್ತದೆ. 13 ಘನ ಅಡಿಯ ಪೋನಿಯಲ್ಲಿ ಸುಮಾರು 370 ಲೀಟರ್ ಗಾಳಿಯಿರುವುದರಿಂದ ಮೇಲಿನ ಲೆಕ್ಕದ ಪ್ರಕಾರ 30 ಮೀಟರಿನಿಂದ ವಿರಾಮವಿಲ್ಲದೆ ಬರಲು ಅದು ಬರೋಬ್ಬರಿ ಸಾಲುತ್ತದೆ, ಒಂದು ಉಸಿರೂ ಮಿಗುವುದಿಲ್ಲ. 19 ಘನ ಅಡಿಯದರಲ್ಲಿ ಸುಮಾರು 540 ಲೀಟರ್ ಇದ್ದು ವಿರಾಮಕ್ಕೂ ಸಾಕಾಗುತ್ತದೆ. 30 ಘನ ಅಡಿಯದು 850 ಲೀಟರಿನೊಂದಿಗೆ ಇನ್ನಷ್ಟು ಆಳಕ್ಕೆ, ಇನ್ನಷ್ಟು ಗಾಬರಿಗೆ ಅವಕಾಶ ಕೊಡುತ್ತದೆ. ಮನರಂಜನೆಯ ಡೈವಿಂಗ್‌ನ ಮಿತಿಯೆಂದು ಒಪ್ಪಿತವಾದ 40 ಮೀಟರಿನ ಕಡೆಗೆ ಹೋಗುವವರು 30 ಘನ ಅಡಿಗಿಂತ ಚಿಕ್ಕದನ್ನು ಆರಿಸಬಾರದು. ಪೋನಿಯ ಗಾಳಿಯನ್ನು ಡೈವ್‌ನ ಯೋಜನೆಯಲ್ಲಿ ಖರ್ಚಿನ ಗಾಳಿಯಾಗಿ ಸೇರಿಸಿಕೊಂಡರೆ ಅದು ಅಂದೇ ಮೀಸಲಾಗಿ ಉಳಿಯುವುದಿಲ್ಲ.

ಪೋನಿಯನ್ನು ಮುಖ್ಯ ಸಿಲಿಂಡರ್‌ಗೆ ಪಟ್ಟಿಯಿಂದ ಬಿಗಿಯುವವರೂ ಇದ್ದಾರೆ, ಎಡಪಕ್ಕದಲ್ಲಿ ಎರಡು ಕೊಂಡಿಗಳಿಂದ ತೂಗುಹಾಕುವವರೂ ಇದ್ದಾರೆ. ಎರಡನೆಯದು ಮೇಲು. ಬೆನ್ನ ಹಿಂದಿರುವ ಪೋನಿಯ ಕವಾಟ ಸೋರುತ್ತಿದ್ದರೆ ಕಾಣುವುದಿಲ್ಲ, ಮಾಪಕ ಓದಲಾಗುವುದಿಲ್ಲ, ಅಗತ್ಯ ಬಿದ್ದವರಿಗೆ ಕಳಚಿ ಕೊಡಲಾಗುವುದಿಲ್ಲ. ಪಕ್ಕದಲ್ಲಿ ತೂಗುವ ಪೋನಿಯಿಂದ ಇವೆಲ್ಲ ಸಾಧ್ಯ. ಕವಾಟವನ್ನು ತೆರೆದಿಟ್ಟು ಇಳಿಯಬೇಕೋ ಮುಚ್ಚಿಟ್ಟೋ ಎಂಬ ಬಗ್ಗೆ ಅನುಭವಿಗಳಲ್ಲೇ ಭಿನ್ನಾಭಿಪ್ರಾಯವಿದೆ. ತೆರೆದಿಟ್ಟರೆ ಕೂಡಲೇ ಉಸಿರು ಸಿಗುತ್ತದೆ, ಆದರೆ ಅರಿವಿಲ್ಲದೆ ಸೋರಬಹುದು. ಮುಚ್ಚಿಟ್ಟರೆ ಗಾಳಿ ಉಳಿಯುತ್ತದೆ, ಆದರೆ ಗಾಬರಿಯ ಗಳಿಗೆಯಲ್ಲಿ ಒಂದು ಕೆಲಸ ಹೆಚ್ಚಾಗುತ್ತದೆ. ಕಣ್ಣಿಗೆ ಕಾಣುವಂತೆ ತೂಗುಹಾಕಿದ ಪೋನಿಗೆ ತೆರೆದ ಕವಾಟವೇ ಹೆಚ್ಚು ಸೂಕ್ತವೆನ್ನಬಹುದು. ಇದಕ್ಕಿಂತ ಗಂಭೀರವಾದ ಪ್ರಮಾದವೆಂದರೆ ಮುಖ್ಯ ಕವಾಟವೆಂದು ತಿಳಿದು ಪೋನಿಯ ಕವಾಟವನ್ನು ಬಾಯಿಗಿಟ್ಟುಕೊಂಡು ಇಳಿಯುವುದು. ಎರಡರ ಬಾಯಿತುಂಡುಗಳ ಬಣ್ಣ ಬೇರೆಯಾಗಿರುವುದು, ಪೋನಿಯದು ಕೊರಳಪಟ್ಟಿಯಲ್ಲಿ ಬೇರೆಯೇ ನಿಂತಿರುವುದು ಅದಕ್ಕೆ ಪರಿಹಾರ. ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ನೈಟ್ರಾಕ್ಸ್ ಮಿಶ್ರಣವನ್ನು ಮುಖ್ಯ ಸಿಲಿಂಡರ್‌ನಲ್ಲಿ ಬಳಸುವವರೂ ಪೋನಿಯಲ್ಲಿ ಸಾಮಾನ್ಯ ಗಾಳಿಯನ್ನೇ ತುಂಬುವುದು ಸರಳ, ಏಕೆಂದರೆ ಮನರಂಜನೆಯ ಡೈವಿಂಗ್‌ನ ಎಲ್ಲ ಆಳಗಳಲ್ಲೂ ಅದನ್ನು ಆಮ್ಲಜನಕ ವಿಷವಾಗುವ ಭಯವಿಲ್ಲದೆ ಉಸಿರಾಡಬಹುದು.

ಎರಡು ಪೂರ್ಣಗಾತ್ರದ ಸಿಲಿಂಡರ್‌ಗಳನ್ನು ನಡುವೆ ಮುಚ್ಚಬಲ್ಲ ಕವಾಟವಿರುವ ಕೊಳವೆಯಿಂದ ಜೋಡಿಸುವುದು, ಅಥವಾ ಒಂದೊಂದನ್ನು ಒಂದೊಂದು ಪಕ್ಕಕ್ಕೆ ಕಟ್ಟಿಕೊಳ್ಳುವುದು ಇನ್ನೂ ಬಲವಾದ ವ್ಯವಸ್ಥೆಗಳು. ಅವು ಪ್ರತ್ಯೇಕ ತರಬೇತಿಯನ್ನು ಬೇಡುತ್ತವೆ. ಹವಳದ ದಿಬ್ಬ ನೋಡಲು ವರ್ಷಕ್ಕೊಮ್ಮೆ ಸಮುದ್ರಕ್ಕಿಳಿಯುವವರಿಗೆ ಅವುಗಳ ಅಗತ್ಯವಿಲ್ಲ.

ಯಾವ ಸಾಧನವನ್ನು ಆರಿಸಿದರೂ ಮುಖ್ಯ ಸಿಲಿಂಡರ್‌ನಲ್ಲೇ ಉಳಿಸಿಕೊಳ್ಳಬೇಕಾದ ಪಾಲಿನ ಪ್ರಶ್ನೆ ಉಳಿದೇ ಉಳಿಯುತ್ತದೆ. ದೋಣಿಗೆ 50 ಬಾರ್ ಒತ್ತಡದೊಂದಿಗೆ ಮರಳಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ 30 ಮೀಟರಿನಲ್ಲಿ ಒಬ್ಬರ ಗಾಳಿ ಮುಗಿದು ಇಬ್ಬರೂ ಒಂದೇ ಸಿಲಿಂಡರ್‌ನಿಂದ ಮೇಲೇರಬೇಕಾದರೆ ಬೇಕಾಗುವುದು ಸುಮಾರು 1000 ಲೀಟರ್. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ನ ಒಳಗಾತ್ರ 11 ಲೀಟರಿನಷ್ಟಿರುವುದರಿಂದ ಇದು 90 ಬಾರ್‌ಗೆ ಸಮ. 18 ಮೀಟರಿನಿಂದಲಾದರೆ 60 ಬಾರ್ ಬೇಕು. ತಳದಲ್ಲಿದ್ದಾಗ 50 ಬಾರ್ ಉಳಿದಿರುವವರ ಆಕ್ಟೋಪಸ್ ನೋಡಲು ಮೀಸಲಿನಂತೆ ಕಂಡರೂ ಇಬ್ಬರನ್ನು ಮೇಲ್ಮೈವರೆಗೆ ತಲುಪಿಸುವ ಗಾಳಿ ಅದರ ಹಿಂದೆ ಇರುವುದಿಲ್ಲ. ಹಣ ಕೊಡದೆ ಸಿಗುವ ಮೀಸಲೆಂದರೆ ಮಾಪಕವನ್ನು ಮತ್ತೆ ಮತ್ತೆ ನೋಡಿ ಸಕಾಲದಲ್ಲಿ ಹಿಂದಿರುಗುವ ಶಿಸ್ತು ಒಂದೇ, ಮತ್ತು ಕೊಂಡುತಂದ ಯಾವ ಸಾಧನವೂ ಅದಕ್ಕೆ ಬದಲಿಯಾಗದು.

ಸಾಧನದ ಪಾಲನೆಯೂ ಆಯ್ಕೆಯ ಭಾಗವೇ. ಮುಖ್ಯ ರೆಗ್ಯುಲೇಟರನ್ನು ತಪ್ಪದೆ ಸರ್ವಿಸ್‌ಗೆ ಕೊಡುವವರೂ ಮೀಸಲಿನದನ್ನು ಬಳಸಿಲ್ಲವೆಂದು ಹಾಗೇ ಬಿಡುವುದುಂಟು. ಒಳಗಿನ ರಬ್ಬರ್ ಭಾಗಗಳು ಬಳಸದಿದ್ದರೂ ಹಳತಾಗುತ್ತವೆ, ಉಪ್ಪು ಕಟ್ಟುತ್ತದೆ. ಇಳಿಯುವ ಮುನ್ನ ಎರಡೂ ಬಾಯಿತುಂಡುಗಳಿಂದ ನಾಲ್ಕಾರು ಉಸಿರೆಳೆದು, ಎಳೆಯುವಾಗ ಮಾಪಕದ ಮುಳ್ಳನ್ನು ಗಮನಿಸಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಸಿಲಿಂಡರ್‌ನ ಕವಾಟ ಪೂರ್ತಿ ತೆರೆದಿಲ್ಲವೆಂದು ಅರ್ಥ. ಮೇಲ್ಮೈಯಲ್ಲಿ ಸಾಕಾಗುವ ಆ ಗಾಳಿ ಆಳದಲ್ಲಿ ಸಾಕಾಗುವುದಿಲ್ಲ. ಗಾಳಿ ಹಂಚಿಕೊಳ್ಳುವ ಅಭ್ಯಾಸವನ್ನು ಸಂಗಾತಿಯೊಂದಿಗೆ ಪ್ರತಿ ಪ್ರವಾಸದ ಮೊದಲ ಡೈವ್‌ನಲ್ಲಿ, ಕಡಿಮೆ ಆಳದಲ್ಲಿ ಒಮ್ಮೆ ಮಾಡುವುದು ಸಾಧನದಷ್ಟೇ ಮುಖ್ಯ. ಮೇಲೇರುವಾಗ ಉಸಿರು ಬಿಗಿಹಿಡಿಯಬಾರದೆಂಬ ಮೊದಲ ಪಾಠವೂ ಆ ಅಭ್ಯಾಸದಲ್ಲೇ ಗಟ್ಟಿಯಾಗುತ್ತದೆ. 10 ಮೀಟರಿನಲ್ಲಿ ಎಳೆದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೆ ಹೊರದಾರಿ ಇಲ್ಲದಿದ್ದರೆ ಶ್ವಾಸಕೋಶ ಹರಿಯುತ್ತದೆ.

ಕರ್ನಾಟಕದಲ್ಲಿ ಈ ಕ್ರೀಡೆಯ ಮುಖ್ಯ ತಾಣ ಉತ್ತರ ಕನ್ನಡದ ಮುರುಡೇಶ್ವರದ ಕಡಲಿನಲ್ಲಿರುವ ನೇತ್ರಾಣಿ ದ್ವೀಪ; ಅಂಡಮಾನ್ ಮತ್ತು ಲಕ್ಷದ್ವೀಪಗಳಿಗೂ ಕನ್ನಡಿಗರು ಇದಕ್ಕಾಗಿಯೇ ಹೋಗುತ್ತಾರೆ. ನೇತ್ರಾಣಿಗೆ ಬರುವವರಲ್ಲಿ ಬಹುಪಾಲು ಮಂದಿ ಮೊದಲ ಬಾರಿಗೆ, ಬೋಧಕರ ಕೈಹಿಡಿದು, 12 ಮೀಟರಿಗಿಂತ ಕಡಿಮೆ ಆಳಕ್ಕೆ ಇಳಿಯುವವರು. ಅವರು ಸಲಕರಣೆಯನ್ನು ಕೊಳ್ಳುವುದಿಲ್ಲ, ಬಾಡಿಗೆಯದನ್ನೇ ತೊಡುತ್ತಾರೆ. ಅವರ ಪಾಲಿಗೆ ಮೀಸಲು ಉಸಿರು ಇರುವುದು ಬೋಧಕರ ಸಿಲಿಂಡರ್‌ನಲ್ಲಿ ಮತ್ತು ಬೋಧಕರ ಎದೆಯ ಮೇಲಿನ ಹಳದಿ ಬಾಯಿತುಂಡಿನಲ್ಲಿ. ದೋಣಿಯಿಂದ ನೀರಿಗೆ ಇಳಿಯುವ ಮುನ್ನ ಆ ಬಾಯಿತುಂಡು ಎಲ್ಲಿದೆಯೆಂದು ತೋರಿಸಲು, ಅದರಿಂದ ಒಮ್ಮೆ ಉಸಿರಾಡಿ ನೋಡಲು, ಒಬ್ಬ ಬೋಧಕರ ಜೊತೆ ಎಷ್ಟು ಜನ ಇಳಿಯುತ್ತಾರೆಂದು ಹೇಳಲು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಓದುಗರು ಸಂಕೋಚಪಡದೆ ಅದನ್ನು ಕೇಳಬೇಕು, ಮತ್ತು ಸರಿಯಾದ ಉತ್ತರ ಸಿಗದಿದ್ದರೆ ಅಂದು ನೀರಿಗೆ ಇಳಿಯಬಾರದು.